ಅಂಚಿನಲ್ಲಿ ಬರೆದದ್ದು

ವಿಲೆನ್‌ಹಾಲ್. ಇಂಗ್ಲೆಂಡಿನ ನಡುವಿನ ಬೀಗದ ಊರು.
ತೊಂಬತ್ತೊಂದರ ಫೆಬ್ರವರಿ, ಗುರುವಾರ.
ನಾನು ರಕ್ತ ತೆಗೆಯುವ ಕೋಣೆಗೆ ಬಂದವನು
ಡೆನ್ಜಿಲ್ ಪ್ರೋಬರ್ಟ್, ಐವತ್ತಮೂರು,
ತೋಳು ಮಡಿಸುವ ಮೊದಲೇ ಹೇಳಿದ:
"ನಾನು ಕುಡುಕನಲ್ಲ, ಸಿಸ್ಟರ್."
ನಾನು ಕೇಳಿರಲಿಲ್ಲ.

ಕೇಳಿದವರು ಬೇರೆಯವರು.
ಡಾಕ್ಟರು ಮೂರು ಸಲ, ಮೂರು ರಾಗದಲ್ಲಿ.
ಹೆಂಡತಿ ಮ್ಯೂರಿಯಲ್ ಒಂದೇ ಸಲ, ದಿಂಬಿನ ಕವರು ಮೂಸಿ.
ಎಂಥದೋ ಸಿಹಿ ವಾಸನೆಯಂತೆ,
ಮದ್ಯದ್ದಲ್ಲ, ಇನ್ನೊಬ್ಬಳ ಸೆಂಟಿನದೂ ಅಲ್ಲ,
ಕಳಿತ ಹಣ್ಣನ್ನು ಹೊಸ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟ ಹಾಗೆ.
ಮೂರು ದಿನ ಮಾತು ಬಿಟ್ಟಿದ್ದಳಂತೆ.

ಶುಕ್ರವಾರ ಪಬ್ಬಿನಲ್ಲಿ ಡಾಮಿನೋ ಆಟ.
ಅರ್ಧ ಗ್ಲಾಸು ಬಿಯರು ಒಳಗಿಳಿಯುವುದೇ ತಡ
ಕುತ್ತಿಗೆಯಿಂದ ಹತ್ತಿ ಕಿವಿಯ ತನಕ ಕೆಂಪು,
ಯಾರೋ ಎರಡು ಕೆನ್ನೆಗೂ ಬಾರಿಸಿದ ಹಾಗೆ.
"ಮದುಮಗಳು ನಾಚಿದಳು ನೋಡ್ರೋ" ಅಂತ ನಗುತ್ತಿದ್ದ ಗುರ್ಮೇಜ್.
ಮರುವರ್ಷ ಗುರ್ಮೇಜನನ್ನೂ ಆ ತೊಟ್ಟಿಗೆ ಹಾಕಿದರು.
ಅವನೂ ನಾಚಿದ.

ಸೂಜಿ ಒಳಗಿದ್ದಾಗ ಜನ ಮಾತಾಡುತ್ತಾರೆ.
ಗೋಡೆಯತ್ತ ಮುಖ ತಿರುಗಿಸಿಕೊಂಡು
ಅವನು ತೊಟ್ಟಿಯ ಬಗ್ಗೆ ಹೇಳಿದ:
ತಳದಲ್ಲಿ ಟ್ರೈಕ್ಲೋರೋ ಕುದಿಯುತ್ತದೆ,
ಮೇಲೆ, ಕಾಲುವೆಗೆ ಮಂಜು ಕವಿದ ಹಾಗೆ, ಆವಿ ನಿಲ್ಲುತ್ತದೆ.
ಎಣ್ಣೆ ಸೋರುವ ಹಿತ್ತಾಳೆ ಬೀಗಗಳ ಬುಟ್ಟಿ
ಅದರೊಳಗೆ ಇಳಿಸಿ ಎತ್ತಿದರೆ
ಒಣಗಿ, ಹೊಳೆಯುತ್ತ ಬರುತ್ತವೆ;
ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ಬೆಳಗಿದ ಹಾಗೆ.
ಈ ಹೋಲಿಕೆ ನನ್ನದು, ಅವನದಲ್ಲ.

ತಿಂಗಳಿಗೊಮ್ಮೆ ತೊಟ್ಟಿ ಆರಿಸಿ ತಳದ ಕೆಸರು ಬಾಚಬೇಕು.
ಸಲಿಕೆಯ ಹಿಡಿ ಗಿಡ್ಡ. ಉಳಿದ ಉದ್ದವನ್ನು
ಬೆನ್ನು ಬಗ್ಗಿಸಿ, ತಲೆ ಒಳಗಿಟ್ಟು ತುಂಬಬೇಕು.
ಫ್ಯಾನು ಕೆಟ್ಟು ಎರಡು ಬೇಸಿಗೆ.
"ಆಮೇಲೆ ಕಾಲು ತೇಲಿದ ಹಾಗೆ ಆಗ್ತಿತ್ತು.
ಪುಕ್ಕಟೆ ನಶೆ, ಕಂಪನಿಯ ಬೋನಸ್ಸು ಅಂತಿದ್ದ ಫೋರ್‌ಮನ್."

ನಮ್ಮ ಮಾತಿನಲ್ಲಿ
ಮಮತೆ ಕರುಳಿನದು, ಕೆಚ್ಚು ಎದೆಯದು,
ಸಿಟ್ಟು ಬಂದರೆ ಪಿತ್ತ ನೆತ್ತಿಗೇರುತ್ತದೆ.
ಆ ಪಿತ್ತವನ್ನು ಹುಟ್ಟಿಸುವ ಯಕೃತ್ತಿಗೆ ಮಾತ್ರ
ನಾನು ಕಂಡಂತೆ ಒಂದು ಗಾದೆಯಿಲ್ಲ, ಒಂದು ಬೈಗುಳವೂ ಇಲ್ಲ.
ಮಟನ್ ಅಂಗಡಿಯಲ್ಲಷ್ಟೇ
ಅದನ್ನು ಹೆಸರು ಹಿಡಿದು ಕೇಳುತ್ತಾರೆ.
ಬಲ ಪಕ್ಕೆಯ ಕೆಳಗೆ ಒಂದೂವರೆ ಕಿಲೋ ತೂಕದ ಆಳು:
ಮೂಗು ಎಳೆದದ್ದು, ಚರ್ಮ ಹೀರಿದ್ದು,
ಎಲ್ಲರ ಮುಸುರೆ ತೊಳೆಯುತ್ತ
ಹಿತ್ತಿಲಲ್ಲೇ ಕೂತಿರುತ್ತದೆ.
ಅರ್ಧ ಸತ್ತರೂ ಅಯ್ಯೋ ಅನ್ನುವುದಿಲ್ಲ.
ಕಣ್ಣಿನ ಬಿಳಿ ಅರಿಸಿನಕ್ಕೆ ತಿರುಗಿದಾಗ
ಮನೆಯವರಿಗೆ ಗೊತ್ತಾಗುತ್ತದೆ, ಹಿತ್ತಿಲಲ್ಲಿ ಒಬ್ಬರಿದ್ದರು ಅಂತ.

ಲ್ಯಾಬಿಗೆ ಹೋಗುವ ಗುಲಾಬಿ ಚೀಟಿಯಲ್ಲಿ
ವಾರಕ್ಕೆಷ್ಟು ಬಿಯರು, ಎಷ್ಟು ವೈನು, ಎಷ್ಟು ವಿಸ್ಕಿ,
ಬೆಳಿಗ್ಗೆ ಎದ್ದ ಕೂಡಲೇ ಬೇಕೆನಿಸುತ್ತದೆಯೇ, ನಾಲ್ಕು ಗೆರೆ.
ಏನು ಕೆಲಸ ಎನ್ನುವುದಕ್ಕೆ ಗೆರೆಯಿಲ್ಲ.
ನನ್ನ ಕೆಲಸವಲ್ಲದಿದ್ದರೂ ಅಂಚಿನಲ್ಲಿ ಬರೆದೆ:
ಬೀಗದ ಕಾರ್ಖಾನೆ. ಎಣ್ಣೆ ತೆಗೆಯುವ ತೊಟ್ಟಿ. ಹತ್ತೊಂಬತ್ತು ವರ್ಷ.
ಕಾರ್ಬನ್ ಹಾಳೆ ಅಂಚಿನ ತನಕ ಇರಲಿಲ್ಲ.
ಡಾಕ್ಟರಿಗೆ ಹೋದದ್ದು ಎರಡನೇ ಪ್ರತಿ.

ನಲವತ್ತರೊಳಗೆ ಇರಬೇಕಾದ ಅಂಕಿ
ಇನ್ನೂರ ಹನ್ನೊಂದು.
ಪಕ್ಕದಲ್ಲಿ ಡಾಕ್ಟರ ಅಕ್ಷರ: ಕುಡಿತ ಒಪ್ಪಿಕೊಳ್ಳುತ್ತಿಲ್ಲ.

ಆಗಸ್ಟಿನಲ್ಲಿ ಕಾರ್ಖಾನೆಗೇ ಎರಡು ವಾರ ಬೀಗ.
ಪ್ರೋಬರ್ಟ್ ದಂಪತಿ ಕಡಲ ದಂಡೆಯ ಕ್ಯಾರವಾನಿನಲ್ಲಿದ್ದು ಬಂದರು.
ಬಂದ ಮರುದಿನದ ರಕ್ತದಲ್ಲಿ ತೊಂಬತ್ತಾರು.
ಬಿಯರು ಅಲ್ಲೂ ಸಿಗುತ್ತಿತ್ತು.
ಅಕ್ಟೋಬರಿನಲ್ಲಿ ಮತ್ತೆ ಇನ್ನೂರ ನಲವತ್ತು.

ಮೂರು ಚೀಟಿ ಹಿಡಿದು
ಡಾಕ್ಟರ ಬಾಗಿಲ ಹೊರಗೆ ನಿಂತೆ.
ಬಾಗಿಲಿಗೆ ಹಿತ್ತಾಳೆ ಬೀಗ, ಇದೇ ಊರಿನದು.
ಎಣ್ಣೆಯ ಪಸೆಯಿಲ್ಲ,
ನನ್ನ ಟೋಪಿ ಕಾಣುವಷ್ಟು ಸ್ವಚ್ಛ.
ಒಳಗೆ ಫೋನಿನಲ್ಲಿ ಯಾರದೋ ಗಾಲ್ಫ್ ಮಾತು.
ತಟ್ಟಿದೆ.
ಕೇಳಿಸಲಿಲ್ಲವೇನೋ.
ಇನ್ನೊಮ್ಮೆ ತಟ್ಟಿದೆ, ಬೆರಳಿನ ಗೆಣ್ಣು ನೋಯುವ ಹಾಗೆ.